ದುಪ್ಪಟಿಯ ಆ ತುದಿ

ಹಾಡುಗಾರ ತನ್ನ ಅಕ್ಕನನ್ನು ಸಾಯಿಸಿ ಒಂಬತ್ತು ವರ್ಷವಾಗಿತ್ತು. ಆ ಅಕ್ಕ ಈಗ ಅವನ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಕಿತ್ತಳೆಹಣ್ಣು ಸುಲಿಯುತ್ತಿದ್ದಳು.

"ಬೀಜ ತೆಗೆದಿದ್ದೀನಿ, ಬಾಯಿ ತೆಗಿ," ಎಂದು ಒಂದು ತೊಳೆಯನ್ನು ಅವನ ಬಾಯಿಗೆ ತುರುಕಿದಳು. ನಲವತ್ತನಾಲ್ಕು ವರ್ಷದ ತಮ್ಮ ಸ್ಟೀರಿಂಗಿನಿಂದ ಕೈ ತೆಗೆಯದೆ ಬಾಯಿ ತೆರೆದ. ಅಕ್ಕ ಅವನಿಗಿಂತ ಹದಿನಾರು ವರ್ಷ ದೊಡ್ಡವಳು. ತಾಯಿಯಿಲ್ಲದ ಮನೆಯಲ್ಲಿ ಅವನ ಮೂಗು ಒರೆಸಿದವಳು, ಸ್ಕೂಲಿಗೆ ಬಿಟ್ಟವಳು, ಕೊನೆಗೆ ಮೊದಲ ಗಿಟಾರ್ ತಂದುಕೊಟ್ಟು ತನ್ನ ನಿದ್ದೆ ತಾನೇ ಕೆಡಿಸಿಕೊಂಡವಳೂ ಅವಳೇ. ಅವನು ಒಣಕಡ್ಡಿಯಂತಿದ್ದರೂ ಅವಳ ಪಾಲಿಗೆ ಗುಂಡ.

ಮೂವತ್ತೆಂಟು ವರ್ಷ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ಹೋದ ತಿಂಗಳಷ್ಟೇ ಅಕ್ಕ ನಿವೃತ್ತಳಾಗಿದ್ದಳು. ಕಾಯಿಲೆಯವರು ಭಾನುವಾರವೂ ಹಾಸಿಗೆ ಬಿಟ್ಟು ಏಳುವುದಿಲ್ಲವಾದ್ದರಿಂದ ತಮ್ಮನ ಒಂದು ಕಾರ್ಯಕ್ರಮವನ್ನೂ ಅವಳು ನೋಡಿರಲಿಲ್ಲ. ಬೀಳ್ಕೊಡುಗೆಯ ಹಾರ ಕೊರಳಲ್ಲಿರುವಾಗಲೇ ಫೋನ್ ಮಾಡಿದ್ದಳು. "ಗುಂಡ, ಇನ್ಮೇಲೆ ನಾನು ಫ್ರೀ ಕಣೋ. ಒಂದು ನಾಲ್ಕು ದಿನ ನಿನ್ನ ಜೊತೆ ಗಾಡೀಲಿ ಸುತ್ತುತೀನಿ. ನನ್ನ ತಮ್ಮ ಹಾಡೋದನ್ನ ಊರವರೆಲ್ಲ ನೋಡಿದ್ದಾರೆ, ನಾನೊಬ್ಬಳೇ ನೋಡಿಲ್ಲ." ಬೇಡ ಎನ್ನಲು ಅವನಿಗೆ ನಾಲಗೆ ಹೊರಳಲಿಲ್ಲ.

ಸಾಯಿಸಿದ್ದು ಹೇಗೆಂದರೆ, ಮೈಕಿನಲ್ಲಿ.

ಊರೂರು ಸುತ್ತಿ ಸ್ವಂತ ಹಾಡು ಹಾಡುವವರ ಬದುಕು ನೋಡದವರಿಗೆ ಬಲು ಚೆಂದ. ತಾನೇ ಹಾಡು ಕಟ್ಟಬೇಕು, ತಾನೇ ಫೋನ್ ಮಾಡಿ ಜಾಗ ಕೇಳಬೇಕು, ತಾನೇ ಗಾಡಿ ಓಡಿಸಿ, ತಾನೇ ಸ್ಪೀಕರ್ ಹೊತ್ತು, ತಾನೇ ವೈರು ಸುತ್ತಿ, ಯಾರದೋ ಮನೆಯ ಬಚ್ಚಲಲ್ಲಿ ಅಂಗಿ ಒಗೆದುಕೊಂಡು, ಅದು ಒಣಗುವ ಮೊದಲೇ ಹೊರಡಬೇಕು. ಇಷ್ಟೆಲ್ಲ ಮಾಡಿದರೂ ಹಾಡು ಶುರುವಾದಾಗ ಮುಂದಿನ ಸಾಲಿನಲ್ಲಿ ಒಬ್ಬರು ಫೋನಿನಲ್ಲಿ "ಹಲೋ, ಕೇಳಿಸ್ತಾ ಇಲ್ಲ, ಇಲ್ಲಿ ಯಾರೋ ಹಾಡ್ತಾ ಇದ್ದಾರೆ" ಎನ್ನುತ್ತಾರೆ. ಆದ್ದರಿಂದ ಪ್ರತಿ ಹಾಡಿಗೂ ಮುನ್ನ ಒಂದು ಚಿಕ್ಕ ಕತೆ ಹೇಳಿ ಜನರ ಕಿವಿ ಹಿಡಿದು ತಮ್ಮತ್ತ ತಿರುಗಿಸಿಕೊಳ್ಳುವುದು ಈ ಕಸುಬಿನವರ ರೂಢಿ. ಹಾಡು ಎಷ್ಟು ಮುಖ್ಯವೋ ಕತೆಯೂ ಅಷ್ಟೇ ಮುಖ್ಯ. ಕೆಲವು ಸಲ ಕತೆಯೇ ಹೆಚ್ಚು, ಆ ಮಾತನ್ನು ಅವರು ಒಪ್ಪುವುದಿಲ್ಲ ಅಷ್ಟೇ.

ಒಂಬತ್ತು ವರ್ಷದ ಹಿಂದೆ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಊಟದ ಬಿಡುವಿನಲ್ಲಿ, ಅವನು ಹೊಸ ಹಾಡೊಂದನ್ನು ಎತ್ತಿಕೊಂಡಿದ್ದ. ದುಪ್ಪಟಿ ಮಡಿಸುವ ಹಾಡು. ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದೆ ಆರು ವರ್ಷದ ಗುಂಡ ಸ್ಕೂಲು ಬಿಟ್ಟಮೇಲೆ ಲಾಂಡ್ರಿಯಲ್ಲಿ ಅಕ್ಕನ ಎದುರು ನಿಂತು ದುಪ್ಪಟಿಯ ಒಂದು ತುದಿ ಹಿಡಿಯುತ್ತಿದ್ದ. ಅದೇ ಹಾಡಾಗಿತ್ತು. ಓಡುವ ತಾಳದ ತಮಾಷೆಯ ಹಾಡು. ಒಂದು ಚರಣದಲ್ಲಿ ಗುಂಡ ದುಪ್ಪಟಿಯೊಳಗೇ ಸುತ್ತಿಕೊಂಡು ಬಿದ್ದು ನರ್ಸಮ್ಮನ ಕೈಗೆ ಹೆಣದಂತೆ ಸಿಗುತ್ತಿದ್ದ. ಆದರೆ ಆ ದಿನ ಕ್ಯಾಂಟೀನಿನಲ್ಲಿ ಮುನ್ನೂರು ಚಮಚಗಳ ಸದ್ದು. ಯಾರೂ ತಲೆ ಎತ್ತಲಿಲ್ಲ. ಅವಮಾನದಿಂದ ಅವನ ಕಿವಿ ಬಿಸಿಯಾಯಿತು. ಬಾಯಿಂದ ತಾನಾಗಿಯೇ ಬಂತು: "ಇದು ನನ್ನ ಅಕ್ಕನ ಹಾಡು. ಅಕ್ಕ ಹೋದ ವರ್ಷ ತೀರಿಕೊಂಡಳು."

ಚಮಚಗಳು ನಿಂತವು.

ಮುಂದಿನ ಊರಿನಲ್ಲಿ ಆ ಮಾತು ಬಿಟ್ಟು ಹಾಡಿ ನೋಡಿದ. ಜನ ಕೆಮ್ಮಿದರು. ಅದರ ಮುಂದಿನ ಊರಿನಲ್ಲಿ ಮತ್ತೆ ಸಾಯಿಸಿದ. ಆಮೇಲೆ ಸಾವಿಗೂ ಸಾಮಾನು ಸರಂಜಾಮು ಸೇರುತ್ತಾ ಹೋಯಿತು. ಎದೆನೋವು ಬಂತು. ಲಾಂಡ್ರಿಯ ಬಾಗಿಲು ಬಂತು. ಕೈಯಲ್ಲಿ ಅರ್ಧ ಮಡಿಸಿದ ದುಪ್ಪಟಿ ಬಂತು. ಹಾಡಿನ ಓಟ ನಿಧಾನವಾಯಿತು, ಗುಂಡ ಬೀಳುವ ಚರಣ ಬಿದ್ದೇಹೋಯಿತು. ಅದನ್ನು ಅವನು ಎಂದೂ ರೆಕಾರ್ಡ್ ಮಾಡಲಿಲ್ಲ. "ಈ ಹಾಡು ಎದುರೆದುರೇ ಕೇಳಬೇಕಾದದ್ದು," ಎನ್ನುತ್ತಿದ್ದ. ಜನ ಅದಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದರು. ನಿಜವೇನೆಂದರೆ ಅಕ್ಕನ ಕಿವಿಗೆ ಬೀಳಬಾರದೆಂಬ ಹೆದರಿಕೆ. ಹಾಡಿದ ಮರುದಿನ ಬೆಳಿಗ್ಗೆ ತಪ್ಪದೆ ಅವಳಿಗೆ ಫೋನ್ ಮಾಡಿ, "ಎದೆನೋವು ಗಿದೆನೋವು ಏನೂ ಇಲ್ಲ ತಾನೆ?" ಎಂದು ಕೇಳುತ್ತಿದ್ದ. ತಮ್ಮನಿಗೆ ತನ್ನ ಮೇಲೆ ಎಷ್ಟು ಜೀವ ಎಂದು ಅಕ್ಕ ಲಾಂಡ್ರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಈ ಸುತ್ತಿನ ಮೊದಲೆರಡು ಊರು ಹೊಸವು. ಆ ಹಾಡು ಬೇಕೆಂದು ಯಾರೂ ಕೇಳಲಿಲ್ಲ, ಅವನು ಬಚಾವಾದ. ಮೂರನೆಯ ದಿನ ಬೈಂಡರಮ್ಮನ ಊರು.

ಬೈಂಡರಮ್ಮ ಪುಸ್ತಕಗಳಿಗೆ ರಟ್ಟು ಹಾಕುವವಳು. ವರ್ಷಕ್ಕೊಂದು ಭಾನುವಾರ ಮಧ್ಯಾಹ್ನ ತನ್ನ ಕಾರ್ಯಾಗಾರದ ಒತ್ತುಯಂತ್ರ, ಕತ್ತರಿಯಂತ್ರಗಳನ್ನು ಗೋಡೆಗೆ ಸರಿಸಿ, ಮೂವತ್ತು ಕುರ್ಚಿ ಹಾಕಿ, ಅವನಿಂದ ಹಾಡಿಸುತ್ತಿದ್ದಳು. ಆರು ವರ್ಷದ ಹಿಂದೆ ಮೊದಲ ಸಲ ಅಕ್ಕನ ಹಾಡು ಕೇಳಿದಾಗ ಅವಳು ಎದ್ದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಅವಳ ತಂಗಿ ಸತ್ತಿದ್ದಳು, ನಿಜವಾಗಿ. ಮರುವರ್ಷ ಅವನು ಬಂದಾಗ, ತಂಗಿಯ ನೀಲಿ ಉಣ್ಣೆ ಕೋಟಿನಿಂದ ತಾನೇ ಕತ್ತರಿಸಿ ಹೊಲಿದ ಗಿಟಾರಿನ ಭುಜಪಟ್ಟಿಯನ್ನು ಅವನ ಕೈಗಿಟ್ಟಿದ್ದಳು. ಅದನ್ನು ಬೇಡ ಎನ್ನುವ ಒಂದು ಗಳಿಗೆ ಇತ್ತು. ಆ ಗಳಿಗೆಯನ್ನು ಅವನು ಜಾರಲು ಬಿಟ್ಟ. ಅಂದಿನಿಂದ ಆ ಪಟ್ಟಿ ಅವನ ಹೆಗಲ ಮೇಲಿದೆ, ಗಿಟಾರಿಗಿಂತ ಅದರ ಭಾರವೇ ಹೆಚ್ಚು.

"ಅಲ್ಲಿ ಅಂಟಿನ ವಾಸನೆ ಜಾಸ್ತಿ ಅಕ್ಕ. ನಿನಗೆ ತಲೆನೋವು ಬರುತ್ತೆ. ನೀನು ಬೇಕಾದ್ರೆ ಪಾರ್ಕಲ್ಲಿ ಕೂತಿರು, ನಾನು ಮುಗಿಸಿ ಬರ್ತೀನಿ," ಎಂದ ಅವನು ಊರು ಹತ್ತಿರ ಬಂದಾಗ.

"ಮೂವತ್ತೆಂಟು ವರ್ಷ ಫಿನೈಲ್ ಎಳೆದ ಮೂಗು ಇದು. ಅಂಟು ಏನು ಮಾಡುತ್ತೆ?" ಎಂದಳು ಅಕ್ಕ. "ನಿನ್ನೆಯಿಂದ ನೋಡ್ತಿದ್ದೀನಿ, ಬಾಲ ಸುಟ್ಟ ಬೆಕ್ಕಿನ ಥರ ಆಡ್ತಿದ್ದೀಯ. ಅಲ್ಲಿ ಯಾರಾದ್ರೂ ಹುಡುಗಿ ಇದ್ದಾಳಾ?"

"ಅಯ್ಯೋ, ಇಲ್ಲ ಅಕ್ಕ."

"ಇದ್ರೆ ಒಳ್ಳೇದೇ ಆಗ್ತಿತ್ತು," ಎಂದು ಅವಳು ಸಿಪ್ಪೆಯನ್ನು ಕಾಗದದಲ್ಲಿ ಅಚ್ಚುಕಟ್ಟಾಗಿ ಸುತ್ತಿಟ್ಟಳು.

ಬೈಂಡರಮ್ಮ ಬಾಗಿಲಲ್ಲೇ ನಿಂತಿದ್ದಳು. ಕೈಬೆರಳುಗಳಲ್ಲಿ ಒಣಗಿದ ಅಂಟು, ಕಿವಿಯ ಮೇಲೆ ಪೆನ್ಸಿಲ್. "ಬನ್ನಿ ಬನ್ನಿ," ಎಂದವಳು ಅವನ ಹಿಂದೆ ಚೀಲ ಹಿಡಿದು ಇಳಿದ ಹೆಂಗಸನ್ನು ನೋಡಿ ನಕ್ಕಳು. "ಇವರು ಯಾರು?"

ಇದಕ್ಕೊಂದು ಉತ್ತರ ಸಿದ್ಧ ಮಾಡಿಟ್ಟುಕೊಳ್ಳಲು ಅವನಿಗೆ ಮೂರು ದಿನ ಇತ್ತು. ಆದರೆ ಸುಳ್ಳು ಹೇಳುವವರು ಹಳೆಯ ಸುಳ್ಳನ್ನು ಎಷ್ಟು ಜೋಪಾನ ಮಾಡುತ್ತಾರೆಂದರೆ ಹೊಸದನ್ನು ಯೋಚಿಸಲು ಅವರಿಗೆ ಪುರಸೊತ್ತೇ ಇರುವುದಿಲ್ಲ.

"ಇವರು... ನಮ್ಮ ಪಕ್ಕದ ಮನೆಯವರು," ಎಂದ.

ಅಕ್ಕ ಅವನ ಮುಖ ನೋಡಿದಳು. ಒಂದೇ ಸಲ, ಹೆಚ್ಚು ಹೊತ್ತಲ್ಲ. ಆಮೇಲೆ ಬೈಂಡರಮ್ಮನ ಕಡೆ ತಿರುಗಿ ಕೈಮುಗಿದಳು. "ಹೌದು. ಪಕ್ಕದ ಮನೆ. ಇವರ ಹಾಡು ಕೇಳಬೇಕು ಅಂತ ಆಸೆ ಇತ್ತು, ಬಂದೆ." ಅವನ ಕಡೆ ನೋಡದೆ ಸೇರಿಸಿದಳು, "ನೀವು ಹೋಗಿ, ನಿಮ್ಮ ಕೆಲಸ ನೋಡ್ಕೊಳ್ಳಿ."

ಹುಟ್ಟಿದಾಗಿನಿಂದ ಅಕ್ಕ ಅವನನ್ನು 'ನೀವು' ಎಂದದ್ದು ಅದೇ ಮೊದಲು. ಅವನು ವ್ಯಾನಿಗೆ ಹೋಗಿ ಹಿಂಬಾಗಿಲು ತೆರೆದು, ಬಗ್ಗಿ, ಯಾವ ಕೆಲಸವೂ ಇಲ್ಲದೆ ಸ್ವಲ್ಪ ಹೊತ್ತು ಹಾಗೇ ನಿಂತ. ಈಗಲೇ ಹೋಗಿ ಹೇಳಿಬಿಡಬೇಕು ಎಂದುಕೊಂಡ. ಸ್ಪೀಕರ್ ಇಳಿಸಿದ ಮೇಲೆ ಹೇಳೋಣ ಎಂದುಕೊಂಡ. ಸ್ಪೀಕರನ್ನು ಬಹಳ ನಿಧಾನವಾಗಿ ಇಳಿಸಿದ.

ಅವನು ಗಿಟಾರನ್ನು ಹೆಗಲಿಗೆ ಹಾಕಿಕೊಂಡು, ಸ್ಪೀಕರ್ ಹೊತ್ತು ಬಾಗಿಲಿಗೆ ಬಂದಾಗ ಒಳಗೆ ಇಬ್ಬರೂ ಹೆಂಗಸರು ಕೆಲಸದಲ್ಲಿದ್ದರು. ಕಾಗದದ ಧೂಳು ಕೂರಬಾರದೆಂದು ಕುರ್ಚಿಗಳ ಮೇಲೆ ಹಾಸಿದ್ದ ಹಳೆಯ ದುಪ್ಪಟಿಗಳನ್ನು ಬೈಂಡರಮ್ಮ ತೆಗೆಯುತ್ತಿದ್ದಳು. ಸುಮ್ಮನೆ ಕೂರಲು ಬಾರದ ಅಕ್ಕ ಚೀಲ ಕೆಳಗಿಟ್ಟು, "ಕೊಡಿ, ಆ ತುದಿ ನೀವು ಹಿಡಿಯಿರಿ," ಎಂದಳು.

ಬೈಂಡರಮ್ಮ ಹಿಡಿದಳು. ಅಕ್ಕ ತನ್ನ ತುದಿಯನ್ನು ಎರಡು ಸಲ ಜಗ್ಗಿದಳು, ಒಂದು ಸಲ ಕೊಡವಿದಳು. ಮಡಿಕೆಯ ಅಂಚನ್ನು ಗದ್ದದಡಿ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಬದಿ ಸವರುತ್ತಾ, ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಬೈಂಡರಮ್ಮನ ಕಡೆಗೆ ನಡೆದಳು. ಆಸ್ಪತ್ರೆಯಲ್ಲಿ ಇನ್ನಾರೂ ಹಾಗೆ ಮಡಿಸುತ್ತಿರಲಿಲ್ಲ. ಜಗತ್ತಿನಲ್ಲೇ ಯಾರೂ ಮಡಿಸುತ್ತಿರಲಿಲ್ಲವೋ ಏನೋ. ಆದರೆ ಆ ಕೋಣೆಯಲ್ಲಿ ಕೂತು ಆರು ವರ್ಷ ಅಳುತ್ತಾ ಕೇಳಿದವಳಿಗೆ ಅದು ಬಾಯಿಪಾಠವಾಗಿತ್ತು:

ಆ ತುದಿ ನೀ ಹಿಡಿ, ಈ ತುದಿ ನನಗಿರಲಿ,
ಎರಡು ಸಲ ಜಗ್ಗಿ, ಒಂದು ಸಲ ಕೊಡವಿ,
ಗದ್ದದಡಿ ಅಂಚಿಟ್ಟು ನಡೆದು ಬಂದಳು ಅಕ್ಕ,
ನಾನು ನಿಂತಲ್ಲಿಗೇ, ನಾನು ನಿಂತಲ್ಲಿಗೇ.

ಬೈಂಡರಮ್ಮನ ಕೈ ನಿಂತಿತು. ಎದುರಿಗೆ ಬಂದು ನಿಂತ ಮುಖವನ್ನು, ಆ ಗದ್ದವನ್ನು, ಲಾಂಡ್ರಿಯ ಬಿಸಿನೀರಿಗೆ ಸುಕ್ಕಾದ ಬೆರಳುಗಳನ್ನು ನೋಡಿದಳು. "ನೀವು ಎಲ್ಲಿ ಕೆಲಸ ಮಾಡ್ತಿದ್ರಿ?" ಎಂದು ಮೆಲ್ಲಗೆ ಕೇಳಿದಳು.

"ಆಸ್ಪತ್ರೆ ಲಾಂಡ್ರೀಲಿ."

ಬೈಂಡರಮ್ಮ ತಲೆಯಾಡಿಸಿ, ಮಡಿಸಿದ ದುಪ್ಪಟಿಯನ್ನು ಕಪಾಟಿನಲ್ಲಿಟ್ಟು, ನೇರವಾಗಿ ಹಾಡುಗಾರನ ಹತ್ತಿರ ಬಂದಳು. "ಒಂದು ನಿಮಿಷ ಒಳಗೆ ಬನ್ನಿ," ಎಂದಳು.

ಹಿಂದಿನ ಕೋಣೆಯಲ್ಲಿ ರಟ್ಟಿನ ರಾಶಿಯ ನಡುವೆ ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಅವರೇನಾ?"

"ಹೌದು."

"ಅವರಿಗೆ ಗೊತ್ತಾ?"

"ಇಲ್ಲ."

ಅವಳು ಅವನ ಹೆಗಲ ಮೇಲಿದ್ದ ನೀಲಿ ಪಟ್ಟಿ ನೋಡಿದಳು. "ಆ ಕೋಟನ್ನ ನಾನು ನಾಲ್ಕು ವರ್ಷ ಬೀರುವಿನಲ್ಲಿ ಇಟ್ಟಿದ್ದೆ. ಯಾರಿಗೂ ಮುಟ್ಟೋಕೆ ಬಿಟ್ಟಿರಲಿಲ್ಲ. ದಿನಾ ಕತ್ತರಿ ಹಿಡಿಯೋ ಕೈ ಇದು, ಅದರ ಮೇಲೆ ಮಾತ್ರ ಕತ್ತರಿ ಹಾಕೋಕೆ ಆಗ್ತಿರಲಿಲ್ಲ. ಇವರಿಗೂ ಅಕ್ಕ ಹೋಗಿದ್ದಾರೆ, ಇವರಿಗೆ ಅರ್ಥ ಆಗುತ್ತೆ ಅಂತ ಹಾಕಿದೆ." ಪಟ್ಟಿಯ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿದಳು. "ಈಗ ಅದನ್ನ ಮತ್ತೆ ಕೋಟು ಮಾಡೋಕಾಗುತ್ತಾ?"

ಅವನು ಕೆಳಗೆ ಬಿದ್ದಿದ್ದ ರಟ್ಟಿನ ಚೂರೊಂದನ್ನು ಎತ್ತಿ ರಾಶಿಯ ಮೇಲಿಟ್ಟ.

"ನಾನು ಅವರಿಗೆ ಏನೂ ಹೇಳಲ್ಲ," ಎಂದಳು ಬೈಂಡರಮ್ಮ. "ಜನ ಬಂದಮೇಲೆ ನೀವೇ ಹೇಳಿ. ಇಲ್ಲ ಅಂದ್ರೆ ಆ ಪಟ್ಟೀನ ಇಲ್ಲೇ ಬಿಚ್ಚಿಟ್ಟು, ಹಿಂದಿನ ಬಾಗಿಲಿಂದ ಹೊರಟುಹೋಗಿ. ಬಂದವರಿಗೆ ನಿಮಗೆ ಹುಷಾರಿಲ್ಲ ಅಂತೀನಿ. ನನಗೂ ಒಂದು ಸುಳ್ಳು ಹೇಳೋಕೆ ಬರುತ್ತೆ."

ಹಿಂದಿನ ಬಾಗಿಲು ತೆರೆದೇ ಇತ್ತು. ಅದರಾಚೆ ಓಣಿ, ಓಣಿಯ ಕೊನೆಗೆ ವ್ಯಾನು. ಅವನು ಆ ಕಡೆ ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದ, ಬಹಳ ಹೊತ್ತು ನೋಡಿದ. ಅಕ್ಕನನ್ನು ಬಿಟ್ಟು ಹೋಗುವುದು ಹೇಗೆಂದು ಕೂಡ ಒಂದು ಗಳಿಗೆ ಯೋಚಿಸಿದ. ಆ ಯೋಚನೆ ತನಗೆ ಬಂತಲ್ಲ ಎಂದು ಗೊತ್ತಾದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮುಂದಿನ ಕೋಣೆಗೆ ಬಂದು ತಂತಿ ಶ್ರುತಿ ಮಾಡತೊಡಗಿದ.

ನಾಲ್ಕು ಗಂಟೆಗೆ ಕುರ್ಚಿಗಳು ತುಂಬಿದವು. ಎಲ್ಲ ಪರಿಚಯದ ಮುಖಗಳೇ. ಮೂರನೆಯ ಸಾಲಿನಲ್ಲಿ ಅಕ್ಕ, ಅವಳ ಪಕ್ಕದಲ್ಲಿ ನಿವೃತ್ತ ಬಸ್ ಡ್ರೈವರ್. ಹೆಂಡತಿಯನ್ನು ಕಳೆದುಕೊಂಡ ಈ ಡ್ರೈವರ್ ಪ್ರತಿ ವರ್ಷ ಹಾಡು ಮುಗಿದಮೇಲೆ ಹಾಡುಗಾರನ ಕೈ ಹಿಡಿದು, "ನಿಮಗೆ ಹೇಳಿದ್ರೆ ಗೊತ್ತಾಗುತ್ತೆ," ಎಂದು ಅವಳ ಕೊನೆಯ ದಿನಗಳನ್ನು ಹೇಳುತ್ತಿದ್ದ. ಹಾಡುಗಾರ ತಲೆಯಾಡಿಸುತ್ತಾ ಕೇಳುತ್ತಿದ್ದ. ಎರಡು ವರ್ಷದ ಹಿಂದೆ ಆ ಮಾತುಗಳಿಂದ ಒಂದು ಸಾಲು ಎತ್ತಿ ಬೇರೆ ಹಾಡಿಗೂ ಹಾಕಿಕೊಂಡಿದ್ದ.

ಏಳು ಹಾಡು ಹಾಡಿದ. ಅಕ್ಕ ಮೈಯೆಲ್ಲ ಕಿವಿಯಾಗಿ ಕೂತಿದ್ದಳು. ಬಾಗಿಲಲ್ಲಿ ಆದದ್ದನ್ನು ಅವಳು ಬದಿಗಿಟ್ಟಿದ್ದಳು, ಚಪ್ಪಾಳೆ ಎಲ್ಲರಿಗಿಂತ ಕೊನೆಗೆ ನಿಲ್ಲುತ್ತಿದ್ದುದು ಅವಳದ್ದೇ. ಪಕ್ಕದ ಮನೆಯವಳು ಅಷ್ಟು ಹೊತ್ತು ಚಪ್ಪಾಳೆ ತಟ್ಟುವುದಿಲ್ಲ.

ಏಳನೆಯದು ಮುಗಿದಾಗ ಹಿಂದಿನಿಂದ ಯಾರೋ ಕೂಗಿದರು, "ಅಕ್ಕನ ಹಾಡು!"

ಅಕ್ಕನ ಮುಖ ಅರಳಿತು. ತನ್ನ ಮೇಲೆ ತಮ್ಮ ಹಾಡು ಕಟ್ಟಿದ್ದಾನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹುಬ್ಬು ಮೇಲೇರಿಸಿ, 'ನನ್ನ ಮೇಲಾ?' ಎಂಬಂತೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ಪಕ್ಕದ ಮನೆಯವಳೆಂಬುದು ನೆನಪಾಗಿ ಆ ಕೈಯನ್ನು ಮೆಲ್ಲಗೆ ಮಡಿಲಿಗೆ ಇಳಿಸಿದಳು. ಅಷ್ಟರಲ್ಲಿ ಡ್ರೈವರ್ ಅವಳ ಕಡೆ ಬಾಗಿ ಏನೋ ಪಿಸುಗುಟ್ಟತೊಡಗಿದ. ಹೊಸಬರಿಗೆ ವಿಷಯ ತಿಳಿಸುವುದು ಅವನ ಒಳ್ಳೆಯತನ. ಏನು ಹೇಳುತ್ತಿದ್ದಾನೆಂದು ಹಾಡುಗಾರನಿಗೆ ಕೇಳಿಸಬೇಕಾಗಿರಲಿಲ್ಲ. ಎದೆನೋವು, ಲಾಂಡ್ರಿಯ ಬಾಗಿಲು, ಅರ್ಧ ಮಡಿಸಿದ ದುಪ್ಪಟಿ, ಎಲ್ಲ ಅಕ್ಕನ ಮುಖದ ಮೇಲೆ ಒಂದೊಂದಾಗಿ ಕಾಣುತ್ತಿತ್ತು. ಕೊನೆಗೆ ಡ್ರೈವರ್ ಜೇಬಿನಿಂದ ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದು, 'ಇಟ್ಟುಕೊಳ್ಳಿ, ಬೇಕಾಗುತ್ತೆ' ಎಂಬಂತೆ ಅವಳ ಕೈಗೆ ಕೊಟ್ಟ.

ಅಕ್ಕ ಅದನ್ನು ಹಿಡಿದುಕೊಂಡು ವೇದಿಕೆಯ ಕಡೆ ನೋಡಿದಳು. ಕೋಪವಿರಲಿಲ್ಲ. ಲಾಂಡ್ರಿಗೆ ಬಂದ ದುಪ್ಪಟಿಯಲ್ಲಿ ಏನು ಕಲೆ ಎಂದು ಹುಡುಕುವಾಗಿನ ನೋಟ ಅದು.

"ನನ್ನ ಅಕ್ಕ ಸತ್ತಿಲ್ಲ," ಎಂದ ಹಾಡುಗಾರ.

ಮೈಕು ಸ್ವಲ್ಪ ಕಿರುಗುಟ್ಟಿತು. ಯಾರೋ ಒಬ್ಬರು ಇದು ಹಾಡಿನ ಹೊಸ ಮುನ್ನುಡಿಯೆಂದು ತಿಳಿದು ತಲೆದೂಗಿದರು.

"ನಾನು ಚಂದಕ್ಕೆ ಹೇಳ್ತಾ ಇಲ್ಲ. ಅವಳು ಯಾವತ್ತೂ ಸತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಜನ ನನ್ನ ಹಾಡು ಕೇಳಲಿಲ್ಲ ಅಂತ ನಾನು ಸುಳ್ಳು ಹೇಳಿದೆ. ಕೇಳಿದ್ರು. ಆಮೇಲೆ ಬಿಡೋಕಾಗಲಿಲ್ಲ. ಮೂರನೇ ಸಾಲಲ್ಲಿ ಕೂತಿದ್ದಾಳಲ್ಲ, ಅವಳೇ ನನ್ನ ಅಕ್ಕ. ಇವತ್ತು ಬಾಗಿಲಲ್ಲಿ ಕೇಳಿದಾಗ ಪಕ್ಕದ ಮನೆಯವರು ಅಂದೆ." ಅವನ ದನಿ ಒಡೆಯಿತು. ಒಡೆದ ದನಿಗೆ ಜನ ಕರಗುತ್ತಾರೆಂಬುದು ಕಸುಬಿನಿಂದ ಗೊತ್ತಿದ್ದ ಅವನು ಗಂಟಲು ಸರಿಮಾಡಿಕೊಂಡು ಒಣ ದನಿಯಲ್ಲೇ ಮುಗಿಸಿದ. "ನಿಮ್ಮ ನಿಮ್ಮ ದುಃಖ ನನಗೆ ಹೇಳಿದ್ರಿ. ಅದನ್ನ ಕೇಳೋ ಯೋಗ್ಯತೆ ನನಗಿರಲಿಲ್ಲ. ತಪ್ಪಾಯ್ತು."

ಒಬ್ಬ ಹೆಂಗಸು ಪಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಬಸ್ ಡ್ರೈವರ್ ಎದ್ದ. ಅಕ್ಕನ ಕೈಯಿಂದ ತನ್ನ ಕರವಸ್ತ್ರವನ್ನು ಮೆತ್ತಗೆ ವಾಪಸು ತೆಗೆದುಕೊಂಡು, ಮಡಿಸಿ, ಜೇಬಿಗಿಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದ. ಅವನ ಹಿಂದೆ ಇನ್ನೂ ನಾಲ್ಕೈದು ಜನ ಎದ್ದರು. ಬಾಗಿಲು ಮುಚ್ಚಿಕೊಳ್ಳುವ ಸದ್ದು ಪ್ರತಿ ಸಲವೂ ಕೇಳಿಸಿತು.

ಹಾಡುಗಾರ ನೀಲಿ ಪಟ್ಟಿಯನ್ನು ಬಿಚ್ಚಿ ಕತ್ತರಿಯಂತ್ರದ ಮೇಜಿನ ಮೇಲಿಟ್ಟ. ಬೈಂಡರಮ್ಮ ಬಂದು ಅದನ್ನು ಎತ್ತಿಕೊಂಡು ಹೋಗಿ ತನ್ನ ಮಡಿಲಲ್ಲಿಟ್ಟುಕೊಂಡು ಕೂತಳು. ಪಟ್ಟಿಯಿಲ್ಲದೆ ನಿಂತು ನುಡಿಸಲಾಗದು. ಅವನು ಸ್ಟೂಲಿನ ಮೇಲೆ ಕೂತು ಮೂರನೆಯ ಸಾಲಿನ ಕಡೆ ನೋಡಿದ. ಅಕ್ಕ ಎದ್ದು ಹೋಗಿರಲಿಲ್ಲ.

ಹಾಡನ್ನು ಅದು ಹುಟ್ಟಿದ ಓಟದಲ್ಲೇ ಹಾಡಿದ. ಬೆರಳುಗಳು ಮರೆತಿದ್ದವು, ಎರಡು ಕಡೆ ಎಡವಿದ. ಗುಂಡ ದುಪ್ಪಟಿಯಲ್ಲಿ ಸುತ್ತಿಕೊಂಡು ಬೀಳುವ ಚರಣ ಬಂದಾಗ ಯಾರೂ ನಗಲಿಲ್ಲ. ಅಕ್ಕನ ತುಟಿಯ ಒಂದು ಮೂಲೆ ಅಲುಗಿದ್ದನ್ನು ಕಂಡೆ ಎಂದುಕೊಂಡ, ಆದರೆ ಅಷ್ಟರಲ್ಲಿ ಅವಳು ತಲೆ ತಗ್ಗಿಸಿ ಚೀಲದಲ್ಲಿ ಏನೋ ಹುಡುಕುತ್ತಿದ್ದಳು. ಕೊನೆಗೆ ಅಲ್ಲೊಂದು ಇಲ್ಲೊಂದು ಚಪ್ಪಾಳೆ ಬಿತ್ತು.

ವೈರು ಸುತ್ತುವಾಗ ಯಾರೂ ಅವನ ಹತ್ತಿರ ಬರಲಿಲ್ಲ. ಬೈಂಡರಮ್ಮ ಅಕ್ಕನನ್ನು ಬಾಗಿಲವರೆಗೆ ಬಿಟ್ಟುಬಂದು, "ನೀವು ಇನ್ನೊಂದು ಸಲ ಬನ್ನಿ," ಎಂದಳು. ಅವಳು ಹೇಳಿದ್ದು ಅಕ್ಕನಿಗೆ ಮಾತ್ರ.

ವ್ಯಾನು ಊರು ದಾಟಿ ಹೆದ್ದಾರಿಗೆ ಸೇರಿತು. ಬಿಸಿಲು ಇನ್ನೂ ಇತ್ತು. ಒಂದು ಪೆಟ್ರೋಲ್ ಬಂಕಿನ ಹಿಂದೆ, ಅವನು ಯಾವಾಗಲೂ ನಿಲ್ಲಿಸುವ ಮರದಡಿ, ನಿಲ್ಲಿಸಿದ.

"ಬೈದುಬಿಡು ಅಕ್ಕ," ಎಂದ. "ಹೊಡೀಬೇಕು ಅನ್ಸಿದ್ರೆ ಹೊಡಿ."

ಅಕ್ಕ ಮುಂದಿನ ಗಾಜನ್ನೇ ನೋಡುತ್ತಿದ್ದಳು. "ಸಾಯಿಸಿದ್ದಕ್ಕೆ ಅಷ್ಟು ಬೇಜಾರಿಲ್ಲ ಕಣೋ. ದಿನಾ ಸಾಯೋರ ದುಪ್ಪಟೀನೇ ಒಗೆದೋಳು ನಾನು. ಮೈಕಲ್ಲಿ ಒಂದು ಸಲ ಸತ್ರೆ ಏನು ಕಳ್ಕೊಂಡೆ? ಆದ್ರೆ ಒಂದು ಯೋಚನೆ ಬರ್ತಿದೆ. ಆ ಜನರಿಗೆಲ್ಲ ಒಂಬತ್ತು ವರ್ಷ ನಾನು ಸತ್ತಿದ್ದೆ, ನಿಜ. ಆದ್ರೆ ನಿನ್ನ ಅಕ್ಕ ಆಗಿದ್ದೆ. ಇವತ್ತು ಜೀವಂತ ಬಂದು ಬಾಗಿಲಲ್ಲಿ ನಿಂತೆ, ಪಕ್ಕದ ಮನೆಯವಳಾದೆ."

ಅವನು ಸ್ಟೀರಿಂಗಿನ ಮೇಲೆ ಹಣೆಯಿಟ್ಟ. ಅತ್ತ. ಈ ಸಲ ಯಾರಿಗೂ ಕೇಳಿಸಲೆಂದು ಅಲ್ಲ.

ಅಕ್ಕ ಅವನನ್ನು ಸಮಾಧಾನ ಮಾಡಲಿಲ್ಲ. ಇಳಿದು ಹಿಂಬಾಗಿಲು ತೆರೆದಳು. ಅವನು ರಾತ್ರಿ ಮಲಗುವ ಹಾಸಿಗೆಯ ಮೇಲೆ ದುಪ್ಪಟಿ ಮುದ್ದೆಯಾಗಿ ಬಿದ್ದಿತ್ತು. ಮುದ್ದೆ ಬಟ್ಟೆ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಅದನ್ನು ಹೊರಗೆಳೆದು ಕೊಡವಿದಳು. ಅವನು ಓಡಿಬಂದು, ಮೂಗೊರೆಸಿಕೊಂಡು, ಅವಳ ಎದುರು ನಿಂತು ಎರಡೂ ಕೈ ಚಾಚಿದ, ಆರು ವರ್ಷದವನಾಗಿದ್ದಾಗ ನಿಲ್ಲುತ್ತಿದ್ದ ಹಾಗೆ.

ಅಕ್ಕ ಆ ಕೈಗಳನ್ನು ನೋಡಿದಳು. ಆಮೇಲೆ ದುಪ್ಪಟಿಯ ನಡುಮಡಿಕೆಯನ್ನು ಗದ್ದದಡಿ ಸಿಕ್ಕಿಸಿಕೊಂಡು, ಒಂದು ತುದಿ ಬಲಗೈಯಲ್ಲಿ, ಇನ್ನೊಂದು ಎಡಗೈಯಲ್ಲಿ ಹಿಡಿದು, ಎರಡನ್ನೂ ತಾನೇ ಕೂಡಿಸಿ, ಮಡಿಸಿ, ಮತ್ತೆ ಮಡಿಸಿ, ಅಂಗೈಯಿಂದ ಸವರಿ ಹಾಸಿಗೆಯ ಮೇಲಿಟ್ಟಳು. ಒಂದು ಸುಕ್ಕಿರಲಿಲ್ಲ.

"ಒಬ್ಬಳೇ ಮಡಿಸೋಕೆ ನನಗೆ ಮೊದಲಿಂದಲೂ ಬರ್ತಿತ್ತು," ಎಂದಳು. "ನಿನಗೆ ಬೇಜಾರಾಗಬಾರದು ಅಂತ ಆ ತುದಿ ಕೊಡ್ತಿದ್ದೆ."

ಅವನ ಕೈಗಳು ಚಾಚಿದ ಹಾಗೇ ಇದ್ದವು. ಅಕ್ಕ ಮುಂದೆ ಹೋಗಿ ತನ್ನ ಸೀಟಿನಲ್ಲಿ ಕೂತು ಬೆಲ್ಟು ಎಳೆದುಕೊಂಡಳು.

"ನಡಿ. ನಾಳೆ ಹೋಗೋ ಊರಲ್ಲಿ ನಾನ್ಯಾರು ಅಂತ ಬಾಗಿಲಲ್ಲಿ ನಾನೇ ಹೇಳ್ತೀನಿ," ಎಂದಳು. "ನೀನು ಬಾಯಿ ಬಿಡಬೇಡ."